ಏಳು ಹೊಲಿಗೆ 'ಸಿಂಪಲ್', ಅರ್ಧ ಹಲ್ಲು 'ಗ್ರೀವಸ್': ಒಂದು ಪದದ ಪ್ರಕರಣ ಅಧ್ಯಯನ

ನಾನು ತಾಲ್ಲೂಕು ಕೋರ್ಟಿನ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಅರ್ಜಿ, ಅಫಿಡವಿಟ್, ಒಪ್ಪಂದ ಪತ್ರ ಬರುತ್ತವೆ. ಇಂಗ್ಲಿಷ್ ಕಾಗದಗಳನ್ನು ಕನ್ನಡಕ್ಕೆ ಮಾಡಿಕೊಡುವ ಕೆಲಸವೂ ಇದೆ. ಅದರಲ್ಲಿ ಜಾಸ್ತಿ ಬರುವುದು ಆಸ್ಪತ್ರೆಯ ಗಾಯದ ಸರ್ಟಿಫಿಕೇಟು. ಆ ಹಾಳೆಯ ಕೊನೆಯಲ್ಲಿ ಬರುವ ಒಂದೇ ಒಂದು ಇಂಗ್ಲಿಷ್ ಪದ ಎರಡು ಮನೆಗಳ ನಡುವೆ ಏನೆಲ್ಲ ಮಾಡಿತು ಎಂದು ಇಲ್ಲಿ ಬರೆಯುತ್ತಿದ್ದೇನೆ. ಊರು, ಹೆಸರು ಬೇಡ. ಸಂಬಂಧಪಟ್ಟ ಎರಡೂ ಮನೆಯವರನ್ನು ಕೇಳಿಯೇ ಬರೆದಿದ್ದೇನೆ.

ಅವತ್ತು ಬಂದವಳು ಡಿಗ್ರಿ ಓದುವ ಹುಡುಗಿ. ಜೊತೆಗೆ ಅವಳ ಅಣ್ಣ. ಮೇಜಿನ ಮೇಲೆ ಒಂದು ಹಾಳೆ ಇಟ್ಟಳು. ಪಕ್ಕದಲ್ಲಿ ಫೋನು ಇಟ್ಟು ಅದರಲ್ಲಿದ್ದ ಇನ್ನೊಂದು ಹಾಳೆಯ ಫೋಟೊ ದೊಡ್ಡದು ಮಾಡಿ ತೋರಿಸಿದಳು.

"ನೋಡಿ ಅಣ್ಣಾ. ನಮ್ಮಪ್ಪಂಗೆ ಏಳು ಹೊಲಿಗೆ. ಅಂಗಿ ಹಿಂಡಿದ್ರೆ ರಕ್ತ ಬರ್ತಿತ್ತು. ಅದು ಸಿಂಪಲ್ಲಂತೆ. ಚಿಕ್ಕಪ್ಪಂಗೆ ಅರ್ಧ ಹಲ್ಲು ಹೋಗಿರೋದು. ಅದು ಗ್ರೀವಿಯಸ್ಸಂತೆ. ಎಷ್ಟು ದುಡ್ಡು ಕೊಟ್ಟಿರ್ಬೋದು ನೀವೇ ಹೇಳಿ."

ಅವಳ ಅಣ್ಣ ಮಾತಾಡಲಿಲ್ಲ. ಅವನ ಕೈಯಲ್ಲಿ ಬಿಳಿ ಹಾಳೆಯ ಮೇಲೆ ಬರೆದ ಕರಡು ಇತ್ತು. ಡಾಕ್ಟರು ಲಂಚ ತಿಂದು ಸುಳ್ಳು ಸರ್ಟಿಫಿಕೇಟ್ ಕೊಟ್ಟಿದ್ದಾರೆ ಎಂಬ ದೂರು. ಅದನ್ನೇ ನಾನು ಟೈಪ್ ಮಾಡಿಕೊಡಬೇಕಿತ್ತು. ಸಂಜೆ ನಾಲ್ಕಾರು ಹುಡುಗರನ್ನು ಕರಕೊಂಡು ಆಸ್ಪತ್ರೆಗೆ ಹೋಗಿ ಕೇಳುವ ಮಾತೂ ಆಗಿತ್ತು ಎಂದು ಆಮೇಲೆ ಗೊತ್ತಾಯಿತು.

ನಡೆದದ್ದು

ಜಗಳ ನೀರಿನ ಪೈಪಿಗೆ. ಇಬ್ಬರೂ ದಾಯಾದಿಗಳು. ಒಂದೇ ಬೋರ್‌ವೆಲ್, ಎರಡು ತೋಟ. ಪಾಳಿ ಯಾರದು ಎಂಬುದಕ್ಕೆ ಮಾತು ಬೆಳೆಯಿತು. ಹಿರಿಯವರಿಗೆ 56 ವರ್ಷ. ಊರಿನಲ್ಲಿ ತೆಂಗಿನ ಮರ ಹತ್ತಿ ಕಾಯಿ ಕೆಡವುವುದು ಅವರ ಕಸುಬು. ಇದ್ದ ಸ್ವಲ್ಪ ತೋಟದಲ್ಲಿ ಬದುಕು ಸಾಗುವುದಿಲ್ಲ, ಮರ ಹತ್ತುವುದರಿಂದಲೇ ಮನೆ ನಡೆಯುವುದು. ಸಿಟ್ಟಿನಲ್ಲಿ ಅವರು ತಮ್ಮನ ಮುಖಕ್ಕೆ ಗುದ್ದಿದರು. ಮುಂದಿನ ಹಲ್ಲು ಮುರಿಯಿತು. ತಮ್ಮ ಎರಡೂ ಕೈಯಿಂದ ತಳ್ಳಿದ. ಹಿರಿಯವರು ಹಿಂದಕ್ಕೆ ಬಿದ್ದರು. ಹಿಂದೆ ನೀರಿನ ತೊಟ್ಟಿಯ ಕಲ್ಲಂಚು ಇತ್ತು. ತಲೆ ಹಿಂದೆ ಒಡೆಯಿತು. ಕೋಲು, ಮಚ್ಚು ಏನೂ ಇರಲಿಲ್ಲ. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು.

ಇಬ್ಬರೂ ಹೋದದ್ದು ಒಂದೇ ತಾಲ್ಲೂಕು ಆಸ್ಪತ್ರೆಗೆ. ಇಬ್ಬರನ್ನೂ ನೋಡಿದ್ದು ಒಬ್ಬರೇ ಡ್ಯೂಟಿ ಡಾಕ್ಟರು.

ಹಾಳೆಯನ್ನು ಹತ್ತಿರದಿಂದ ತೋರಿಸುತ್ತೇನೆ. ಅಚ್ಚಾದ ಫಾರಂ. ಮೇಲೆ ಹೆಸರು, ವಯಸ್ಸು, ಕರೆತಂದವರು ಯಾರು, ಎಷ್ಟು ಗಂಟೆಗೆ ನೋಡಿದ್ದು, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಆಸ್ಪತ್ರೆ ಪ್ರಕರಣ) ನಂಬರು. ಕೆಳಗೆ ಗಾಯದ ವಿವರ: ತಲೆಯ ಹಿಂಭಾಗ, ಎಡಗಡೆ, 6 ಸೆಂ.ಮೀ. ಉದ್ದದ ಹರಿದ ಗಾಯ, ರಕ್ತ ಸೋರುತ್ತಿದೆ, 7 ಹೊಲಿಗೆ ಹಾಕಿದೆ. ಸಿಟಿ ಸ್ಕ್ಯಾನ್‌ನಲ್ಲಿ ಮೂಳೆ ಮುರಿದಿಲ್ಲ. ಡಾಕ್ಟರ ಸಹಿಗೆ ಸ್ವಲ್ಪ ಮೇಲೆ, ನೀಲಿ ಇಂಕಿನಲ್ಲಿ ಕೈಬರಹದ ಒಂದು ಸಾಲು. ಗಾಯ ಸಿಂಪಲ್ ಸ್ವರೂಪದ್ದು. ಫೋನಿನಲ್ಲಿದ್ದ ಹಾಳೆಯಲ್ಲಿ ಮೇಲಿನ ಸಾಲಿನ ಮುಂದಿನ ಹಲ್ಲು ಅಡ್ಡಕ್ಕೆ ಮುರಿದಿದೆ ಎಂದಿತ್ತು. ತುಟಿಯ ಒಳಗೆ 1 ಸೆಂ.ಮೀ. ಗಾಯ. ಹಲ್ಲಿನ ಎಕ್ಸ್‌ರೇಯಲ್ಲಿ ಮುರಿತ ಕಾಣುತ್ತಿದೆ. ಗಾಯ ಗ್ರೀವಸ್ ಸ್ವರೂಪದ್ದು. ಅದೇ ನೀಲಿ ಇಂಕು, ಅದೇ ಕೈಬರಹ.

ಈ ಎರಡು ಪದದಿಂದ ಕೇಸಿನ ದಾರಿಯೇ ಬೇರೆಯಾಯಿತು. ಹಲ್ಲು ಮುರಿದದ್ದು, ಹಳೆಯ ದಂಡಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 117(2)ಕ್ಕೆ ಹೋಯಿತು. 7 ವರ್ಷದವರೆಗೆ ಶಿಕ್ಷೆ ಆಗಬಹುದಾದ ಕಲಂ ಅದು. ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಿ ತನಿಖೆ ಮಾಡಬಹುದು. ತಲೆ ಒಡೆದದ್ದು 115(2)ಕ್ಕೆ ಬಂತು. 1 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆಗೆ ಕೈ ಹಾಕುವ ಹಾಗಿಲ್ಲ. ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ವರದಿ) ಎಂದು ಬರೆದುಕೊಂಡು ಒಂದು ಚೀಟಿ ಕೊಟ್ಟು ಕಳಿಸಿದರು. ರಕ್ತ ಸುರಿಸಿಕೊಂಡವರ ಕೈಗೆ ಒಂದು ಚೀಟಿ, ಹಲ್ಲು ಮುರಿಸಿಕೊಂಡವರ ಕೈಗೆ ಎಫ್‌ಐಆರ್ ಪ್ರತಿ. ಮನೆಯವರಿಗೆ ಹೊಟ್ಟೆ ಉರಿಯದೆ ಇರುತ್ತದಾ?

ಪದದ ಒಳಗೆ ಏನಿದೆ

ದೂರನ್ನು ಟೈಪ್ ಮಾಡುವ ಮೊದಲು ಅವರಿಬ್ಬರನ್ನು ಕೂರಿಸಿದೆ. ಕಪಾಟಿನಿಂದ ನ್ಯಾಯ ಸಂಹಿತೆಯ ಪುಸ್ತಕ ತೆಗೆದು, ಗ್ರೀವಸ್ ಅಂದರೆ ಯಾವುದು ಎಂದು ಹೇಳುವ 116ನೇ ಕಲಂ ತೋರಿಸಿದೆ. ಹುಡುಗಿಯೇ ಇಂಗ್ಲಿಷಿನಲ್ಲಿ ಓದಿದಳು.

ಇಂಗ್ಲಿಷಿನಲ್ಲಿ ಗ್ರೀವಸ್ ಅಂದರೆ ತುಂಬ ದೊಡ್ಡ, ಮನಸ್ಸಿಗೂ ಭಾರವಾಗುವ ಕೆಡುಕು. ಗ್ರೀವಸ್ ಲಾಸ್ ಅಂದರೆ ತುಂಬಿಕೊಳ್ಳಲಾಗದ ನಷ್ಟ. ಗ್ರೀವಸ್ ಎರರ್ ಅಂದರೆ ಸಣ್ಣಪುಟ್ಟದಲ್ಲದ ತಪ್ಪು, ಅದಕ್ಕೆ ಬೆಲೆ ತೆರಬೇಕಾಗುತ್ತದೆ. ದಿನನಿತ್ಯದ ಇಂಗ್ಲಿಷ್ ಮಾತಿನಲ್ಲಿ ಈ ಪದ ಅಷ್ಟಾಗಿ ಬರುವುದಿಲ್ಲ. ತಲೆನೋವಿಗೆ, ಜ್ವರಕ್ಕೆ ಯಾರೂ ಗ್ರೀವಸ್ ಅನ್ನುವುದಿಲ್ಲ, ಸಿವಿಯರ್ ಅನ್ನುತ್ತಾರೆ. ಐಸಿಯುನಲ್ಲಿ ಇರುವವರಿಗೆ ಕ್ರಿಟಿಕಲ್ ಅನ್ನುತ್ತಾರೆ. ಗ್ರೀವಸ್ ಒಂದು ಗಂಭೀರ, ಸ್ವಲ್ಪ ಹಳೆಯ ಪದ. ಈಗ ಅದು ಹೆಚ್ಚಾಗಿ ಉಳಿದಿರುವುದು ಕಾನೂನಿನಲ್ಲಿ.

ಉಚ್ಚಾರದ ಮಾತೂ ಹೇಳಿಬಿಡುತ್ತೇನೆ. ನಮ್ಮ ಕಡೆ ವಕೀಲರಿಂದ ಹಿಡಿದು ಠಾಣೆಯ ರೈಟರ್ ತನಕ ಜಾಸ್ತಿ ಜನ 'ಗ್ರೀವಿಯಸ್' ಅನ್ನುತ್ತಾರೆ. ಸರಿಯಾದದ್ದು 'ಗ್ರೀವಸ್'. ನಡುವೆ 'ಇ' ಇಲ್ಲ. ಇದು ನಮ್ಮವರು ಮಾತ್ರ ಮಾಡುವ ತಪ್ಪಲ್ಲ, ಇಂಗ್ಲಿಷ್ ತಾಯ್ನುಡಿಯವರೂ ಹೀಗೆ ಹೇಳುತ್ತಾರೆ. 'ಸೀರಿಯಸ್' ಎಂಬ ಪದದ ಗುಂಗಿನಲ್ಲಿ ನಾಲಿಗೆ ಅಲ್ಲಿಗೆ ಹೋಗುತ್ತದೆ ಅನ್ನಿಸುತ್ತದೆ.

ಬೇರು ನೋಡಿದರೆ ಇನ್ನೂ ಚೆನ್ನಾಗಿದೆ. ಹಳೆಯ ಫ್ರೆಂಚಿನ ದಾರಿಯಲ್ಲಿ ಬಂದ ಪದ ಇದು, ಮೂಲ ಲ್ಯಾಟಿನ್ನಿನ 'ಗ್ರಾವಿಸ್'. ಅಂದರೆ ಭಾರವಾದದ್ದು. ಗ್ರಾವಿಟಿ ಬಂದದ್ದು ಅಲ್ಲಿಂದಲೇ. ದುಃಖ ಎಂಬ ಅರ್ಥದ ಗ್ರೀಫ್ ಕೂಡ ಅಲ್ಲಿಂದಲೇ. ಸರ್ಕಾರಿ ಕಚೇರಿಯ ಬೋರ್ಡಿನಲ್ಲಿ ಕುಂದುಕೊರತೆ ವಿಭಾಗಕ್ಕೆ ಗ್ರೀವೆನ್ಸ್ ಸೆಲ್ ಎಂದು ಬರೆದಿರುತ್ತಾರಲ್ಲ, ಅದೂ ಇದೇ ಮನೆಯದು. ಈ ಗ್ರಾವಿಸ್ ಮತ್ತು ಸಂಸ್ಕೃತದ ಗುರು, ಎರಡೂ ಒಂದೇ ಬೇರಿನವು ಎಂದು ಭಾಷಾ ಪಂಡಿತರು ಹೇಳುತ್ತಾರೆ. ಹೈಸ್ಕೂಲಿನಲ್ಲಿ ಪದ್ಯದ ಮೇಲೆ ಗುರು ಲಘು ಹಾಕಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಕಾನೂನು ಗಾಯಗಳ ಮೇಲೆ ಗುರು ಲಘು ಹಾಕುತ್ತಿದೆ. ಲಘುವಾದ ಅಕ್ಷರ ಕೆಟ್ಟದ್ದೇನೂ ಅಲ್ಲ, ಗುರುವಾದದ್ದು ದೊಡ್ಡದೂ ಅಲ್ಲ. ಹಾಕುವುದಕ್ಕೊಂದು ನಿಯಮ ಇದೆ ಅಷ್ಟೇ.

ಆ ನಿಯಮ ಎಂಟು ಬಾಬುಗಳ ಪಟ್ಟಿ. ಪುರುಷತ್ವ ಹೋಗುವುದು. ಒಂದು ಕಣ್ಣಿನ ದೃಷ್ಟಿಯಾದರೂ ಶಾಶ್ವತವಾಗಿ ಹೋಗುವುದು. ಒಂದು ಕಿವಿಯಾದರೂ ಶಾಶ್ವತವಾಗಿ ಕೇಳದಾಗುವುದು. ಅಂಗವೋ ಕೀಲೋ ಕಳೆದುಹೋಗುವುದು. ಅಂಗದ ಅಥವಾ ಕೀಲಿನ ಶಕ್ತಿ ನಾಶವಾಗುವುದು, ಇಲ್ಲವೇ ಶಾಶ್ವತವಾಗಿ ಕುಂದುವುದು. ತಲೆ ಅಥವಾ ಮುಖ ಶಾಶ್ವತವಾಗಿ ವಿಕಾರವಾಗುವುದು. ಏಳನೆಯದು, ಮೂಳೆ ಅಥವಾ ಹಲ್ಲು ಮುರಿಯುವುದು ಇಲ್ಲವೇ ಜಾಗ ಬಿಟ್ಟು ಸರಿಯುವುದು. ಎಂಟನೆಯದು, ಪ್ರಾಣಕ್ಕೆ ಅಪಾಯ ತರುವ ಗಾಯ, ಅಥವಾ 15 ದಿನ ಗಾಯಾಳುವನ್ನು ತೀವ್ರವಾದ ನೋವಿನಲ್ಲಿ ಇಡುವ ಗಾಯ, ಅಥವಾ ಅಷ್ಟು ದಿನ ಅವನು ತನ್ನ ಎಂದಿನ ಕೆಲಸ ಮಾಡಲಾಗದಂತೆ ಮಾಡುವ ಗಾಯ.

ಹುಡುಗಿ ಏಳನೆಯದರ ಮೇಲೆ ಬೆರಳಿಟ್ಟು ಸುಮ್ಮನಾದಳು. ಹಲ್ಲು ಎಂಬ ಪದ ಅಲ್ಲಿ ಕಣ್ಣಿಗೆ ಕಾಣುವ ಹಾಗೆ ಇದೆ.

"ಅಂದ್ರೆ ನೋವು ಎಷ್ಟಾಯ್ತು ಅಂತ ನೋಡೋದೇ ಇಲ್ವಾ?"

"ಈ ಏಳು ಬಾಬಿನಲ್ಲಿ ನೋಡಲ್ಲಮ್ಮ. ಎಷ್ಟು ಹೊಲಿಗೆ, ಎಷ್ಟು ರಕ್ತ, ಅದೂ ಲೆಕ್ಕಕ್ಕಿಲ್ಲ. ಏನು ಮುರೀತು, ಏನು ಹೋಯ್ತು ಅಷ್ಟೇ."

ಇದೇ ಈ ಪ್ರಕರಣದ ತಿರುಳು. ಓದುವವರಿಗೆ ಗ್ರೀವಸ್ ಎಂಬುದು ನೋವನ್ನು ಅಳೆಯುವ ಪದದಂತೆ ಕಾಣುತ್ತದೆ. ಡಾಕ್ಟರಿಗೆ ಅದು ಎಂಟು ಖಾನೆಯ ಪೆಟ್ಟಿಗೆ. ಖಾನೆಯಲ್ಲಿ ಕೂತರೆ ಗ್ರೀವಸ್, ಕೂರದಿದ್ದರೆ ಅಲ್ಲ. ತಲೆಗೆ ಬಿದ್ದ ಪೆಟ್ಟಿನಲ್ಲಿ ಮೂಳೆಗೆ ಕೂದಲೆಳೆಯಷ್ಟು ಬಿರುಕು ಬಂದಿದ್ದರೂ ಹಿರಿಯವರ ಹಾಳೆಯಲ್ಲಿ ಗ್ರೀವಸ್ ಎಂದೇ ಬರುತ್ತಿತ್ತು. ಮೂಳೆ ಆರುಪಾರು ಮುರಿಯಲೇಬೇಕಿಲ್ಲ, ಸೀಳು ಬಿಟ್ಟರೂ ಅದು ಮುರಿತವೇ ಎಂದು ಸುಪ್ರೀಂ ಕೋರ್ಟ್ ಹೋರಿಲಾಲ್ ಪ್ರಕರಣದಲ್ಲಿ ಹೇಳಿದೆ. ಅದಕ್ಕೇ ಡಾಕ್ಟರು ಸಿಟಿ ಸ್ಕ್ಯಾನಿಗೆ ಕಳಿಸಿದ್ದು. ಬಿರುಕು ಇರಲಿಲ್ಲ. ಅದಕ್ಕೆ ಸಂತೋಷಪಡಬೇಕು. ಆದರೆ ಕಾಗದದ ಮೇಲೆ ಅದು ಸೋಲಿನ ಹಾಗೆ ಕಂಡಿತು.

'ಸಿಂಪಲ್' ಎಂಬ ಪದದ ಬಗ್ಗೆಯೂ ಹೇಳಬೇಕು. ಕಾನೂನಿನ ವ್ಯಾಖ್ಯೆಯಲ್ಲಿ ಈ ಪದವೇ ಇಲ್ಲ. ಅಲ್ಲಿರುವುದು ಬರೀ 'ಹರ್ಟ್'. ಮೈಗೆ ನೋವು, ಕಾಯಿಲೆ ಅಥವಾ ನಿಶ್ಶಕ್ತಿ ಉಂಟುಮಾಡುವುದು ಅಂತ ಅದರ ಅರ್ಥ. ನಮ್ಮ ಮಾತಿನಲ್ಲಿ ಹರ್ಟ್ ಅಂದರೆ ಮನಸ್ಸಿಗೆ ಬೇಜಾರಾಗುವುದು, ಅಲ್ವಾ? ಕಾನೂನಿನಲ್ಲಿ ಅದು ಮೈಗೆ ಆದದ್ದು. ಗ್ರೀವಸ್ ಅಲ್ಲದ್ದಕ್ಕೆ ಏನೋ ಒಂದು ಹೆಸರು ಬೇಕಲ್ಲ ಎಂದು ಆಸ್ಪತ್ರೆ, ಠಾಣೆಗಳಲ್ಲಿ ಸಿಂಪಲ್ ಎಂದು ರೂಢಿಗೆ ಬಂತು. ಈ ರೂಢಿ ನನಗೆ ಸ್ವಲ್ಪವೂ ಇಷ್ಟವಿಲ್ಲ. ತಲೆ ಒಡಕೊಂಡು ಬಂದವರಿಗೆ ನಿಮ್ಮದು ಸಿಂಪಲ್ ಎಂದು ಬರೆದುಕೊಟ್ಟರೆ ಅವರಿಗೆ ಅವಮಾನ ಆಗುತ್ತದೆ. ಅದರಲ್ಲೂ ಆಸ್ಪತ್ರೆಯವರದೇ ಇನ್ನೊಂದು ಸಿಂಪಲ್ ಇದೆ. ಮೂಳೆ ಮುರಿದು ಮೇಲಿನ ಚರ್ಮ ಹರಿಯದಿದ್ದರೆ ಅದಕ್ಕೆ ಸಿಂಪಲ್ ಫ್ರ್ಯಾಕ್ಚರ್ ಎನ್ನುತ್ತಾರೆ. ಹಿಂದೊಮ್ಮೆ ಒಬ್ಬ ತಾಯಿ ಡಿಸ್ಚಾರ್ಜ್ ಚೀಟಿ ತಂದಿದ್ದರು. ಅದರಲ್ಲಿ ಸಿಂಪಲ್ ಫ್ರ್ಯಾಕ್ಚರ್ ಎಂದಿತ್ತು. ಸರ್ಟಿಫಿಕೇಟಿನಲ್ಲಿ ಗ್ರೀವಸ್ ಎಂದಿತ್ತು. ಎರಡರಲ್ಲಿ ಒಂದು ಸುಳ್ಳು ಎಂದು ಅವರಿಗೆ ದಿಗಿಲು. ಎರಡೂ ನಿಜವೇ ಆಗಿತ್ತು.

ಕನ್ನಡಕ್ಕೆ ತರುವಾಗ

ತಪ್ಪು ಕನ್ನಡದಲ್ಲೂ ಇದೆ. ನಾನು ವರ್ಷಗಟ್ಟಲೆ ಗ್ರೀವಸ್ ಬಂದ ಕಡೆಯೆಲ್ಲ 'ತೀವ್ರ ಗಾಯ' ಎಂದು ಟೈಪ್ ಮಾಡಿದ್ದೇನೆ. ಠಾಣೆಯ ಕಾಗದದಲ್ಲೂ 'ತೀವ್ರ ಸ್ವರೂಪದ ಗಾಯ' ಎಂದೇ ಇರುತ್ತದೆ. ಪೇಪರಿನಲ್ಲಿ 'ಗಂಭೀರ ಗಾಯ' ಎಂದು ಬರುತ್ತದೆ. ಹಳಬ ರೈಟರುಗಳ ಬಾಯಲ್ಲಿ 'ಭಾರಿ ಗಾಯ', ಅದರ ಎದುರು 'ಸಾದಾ ಗಾಯ'.

ಆ ದಿನ ಎಂಟನೇ ಬಾಬನ್ನು ಹುಡುಗಿಗೆ ಕನ್ನಡದಲ್ಲಿ ಹೇಳಹೋದಾಗ ನನ್ನ ಅನುವಾದದ ತೊಡಕು ನನಗೇ ಕಂಡಿತು. ಆ ಬಾಬಿನಲ್ಲಿ ನೋವಿಗೆ ಬಳಸಿದ ಪದ ಸಿವಿಯರ್. ಗಾಯಕ್ಕೆ ಬಳಸಿದ ಪದ ಗ್ರೀವಸ್. ಕಾನೂನು ಬರೆದವರು ಎರಡನ್ನೂ ಬೇರೆ ಬೇರೆ ಇಟ್ಟಿದ್ದಾರೆ. ಸಿವಿಯರ್ ಅನ್ನುವುದು ನೋವಿನ ಬಿರುಸು, ಅದನ್ನು ಅನುಭವಿಸುವವರಿಗೆ ಗೊತ್ತು. ಗ್ರೀವಸ್ ಅನ್ನುವುದು ಗಾಯದ ದರ್ಜೆ, ಅದನ್ನು ಹೊರಗಿನವರು ಪಟ್ಟಿ ನೋಡಿ ಹೇಳಬೇಕು. ನಾವು ಎರಡಕ್ಕೂ ತೀವ್ರ ಎಂದರೆ 'ತೀವ್ರ ನೋವಿದ್ದರೆ ತೀವ್ರ ಗಾಯ' ಎಂದಾಗುತ್ತದೆ. ಅದನ್ನು ಓದಿದ ಯಾರಿಗಾದರೂ ನೋವು ಜಾಸ್ತಿ ಇದ್ದರೆ ಸಾಕು ಅನ್ನಿಸುತ್ತದೆ. ಈ ಮನೆಯವರಿಗೂ ಹಾಗೇ ಅನ್ನಿಸಿತ್ತು.

ನನ್ನ ಮಟ್ಟಿಗೆ 'ಭಾರಿ ಗಾಯ'ವೇ ಸರಿ. ಮೂಲದ ಅರ್ಥವೂ ಭಾರವೇ. ತೀವ್ರವನ್ನು ನೋವಿಗೆ ಬಿಟ್ಟುಬಿಡಬಹುದು. 'ಘೋರ' ಎಂದು ಕೆಲವರು ಬರೆಯುತ್ತಾರೆ, ಅದನ್ನು ಓದಿದರೆ ನೋಡಲಾಗದಂಥ ಗಾಯ ಕಣ್ಣಿಗೆ ಬರುತ್ತದೆ. ಅರ್ಧ ಹಲ್ಲಿಗೆ ಘೋರ ಎಂದರೆ ಜಗಳ ಇನ್ನೊಂದು ಸುತ್ತು ಬೆಳೆಯುತ್ತದೆ.

ಇಂಗ್ಲೆಂಡಿನಲ್ಲಿ ಈ ಪದದ ಬಾಳು ಬೇರೆಯಾಯಿತು. ಅಲ್ಲಿನ 1861ರ ಕಾನೂನಿನಲ್ಲೂ 'ಗ್ರೀವಸ್ ಬಾಡಿಲಿ ಹಾರ್ಮ್' ಇದೆ. ಆದರೆ ಪಟ್ಟಿ ಇಲ್ಲ. ನಿಜಕ್ಕೂ ಗಂಭೀರವಾದ ಹಾನಿ ಎಂದಷ್ಟೇ ಅದರ ಅರ್ಥ ಎಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠ ಸ್ಮಿತ್ ಪ್ರಕರಣದಲ್ಲಿ ಹೇಳಿತು. ಯಾವುದು ಗಂಭೀರ ಎಂಬುದನ್ನು ಜ್ಯೂರಿ ಕೂತು ತೀರ್ಮಾನಿಸಬೇಕು. ಪೆಟ್ಟು ತಿಂದದ್ದು ಹಸುಗೂಸೋ ಗಟ್ಟಿಮುಟ್ಟಾದ ಆಳೋ ಎಂಬುದನ್ನೂ ನೋಡಬಹುದು. ಮೆಕಾಲೆಯ ಆಯೋಗ 1837ರಲ್ಲಿ ಕರಡು ತಯಾರಿಸಿದ, 1860ರಲ್ಲಿ ಕಾನೂನಾದ ನಮ್ಮ ದಂಡಸಂಹಿತೆ ಅದೇ ಪದವನ್ನು ಇಟ್ಟುಕೊಂಡು ಜೊತೆಗೆ ಪಟ್ಟಿ ಕೊಟ್ಟಿತು. ಪಟ್ಟಿ ಇದ್ದರೆ ಊರಿಗೊಂದು, ಆಸ್ಪತ್ರೆಗೊಂದು ಅರ್ಥ ಆಗುವುದಿಲ್ಲ. ಅದು ಒಳ್ಳೆಯದೇ. ಆದರೆ ಪಟ್ಟಿ ಮಾಡಿದಾಗ ಒಂದು ಹಲ್ಲು ಒಳಗೆ ಬರುತ್ತದೆ, ಏಳು ಹೊಲಿಗೆ ಹೊರಗೆ ಉಳಿಯುತ್ತದೆ.

ಹೊರಗೆ ಉಳಿದವರಿಗೆಂದೇ ಇರುವಂತಿದೆ ಎಂಟನೇ ಬಾಬು. ಹಳೆಯ ದಂಡಸಂಹಿತೆಯಲ್ಲಿ ಅಲ್ಲಿ 20 ದಿನ ಎಂದಿತ್ತು. ಫ್ರಾನ್ಸಿನ 1810ರ ದಂಡಸಂಹಿತೆಯಲ್ಲೂ ಇದೇ 20 ದಿನದ ಗಡಿ ಇತ್ತು. 2024ರ ಜುಲೈ 1ರಿಂದ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಅದು 15 ದಿನ ಆಯಿತು. ಹಳಬರ ಬಾಯಲ್ಲಿ ಇನ್ನೂ 20 ದಿನವೇ ಓಡಾಡುತ್ತಿದೆ. ಜುಲೈ 1ರ ನಂತರ ನಡೆದ ಘಟನೆಗೆ 15 ಎಂಬುದು ನೆನಪಿರಲಿ.

ಒಂಬತ್ತನೇ ದಿನ

ಅಷ್ಟು ಹೇಳಿದ ಮೇಲೆ ನಾನು ಕೇಳಿದೆ. "ಅಪ್ಪ ಈಗ ಹೇಗಿದಾರೆ?"

ಹುಡುಗ ಮೊದಲ ಸಲ ಬಾಯಿ ಬಿಟ್ಟ. "ಎದ್ದು ನಿಂತ್ರೆ ತಲೆ ಗಿರ್ ಅಂತಾರೆ. ಗೋಡೆ ಹಿಡ್ಕೊಂಡು ಬಚ್ಚಲಿಗೆ ಹೋಗ್ತಾರೆ. ಮಲಗಿದಲ್ಲಿ ಮಗ್ಗುಲು ಬದಲಿಸಿದ್ರೂ ಮನೆ ತಿರುಗ್ದಂಗೆ ಆಗುತ್ತಂತೆ."

"ಡಾಕ್ಟರಿಗೆ ಹೇಳಿದ್ರಾ?"

"ಹೊಲಿಗೆ ಬಿಚ್ಚಿಸೋಕೆ ಹೋದಾಗ ಯಾರೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ. ಪೆಟ್ಟು ಬಿದ್ದಿದೆ, ಸ್ವಲ್ಪ ದಿನ ಇರುತ್ತೆ ಅಂದ್ಕೊಂಡ್ವಿ."

ಅವತ್ತಿಗೆ ಜಗಳ ಆಗಿ ಒಂಬತ್ತು ದಿನ. ಹಿರಿಯವರು ಒಂದು ಮರವನ್ನೂ ಹತ್ತಿರಲಿಲ್ಲ. ಅವರ ಎಂದಿನ ಕೆಲಸ ಮರ ಹತ್ತುವುದು. ತಲೆ ಸುತ್ತುವ ಮನುಷ್ಯ ಮರ ಹತ್ತುವ ಹಾಗಿಲ್ಲ. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ನನ್ನದು. ಅಂಥ ತಲೆಸುತ್ತು ಇದ್ದರೂ ನಾನು ಹೇಗೋ ಎರಡು ಹಾಳೆ ಟೈಪ್ ಮಾಡಿಯೇನು. ಅವರಿಗೆ ಆಗುವುದಿಲ್ಲ. ಎಂಟನೇ ಬಾಬು ನೋಡುವುದು ಗಾಯಾಳುವಿನ ಕೆಲಸವನ್ನು. ಇದು ಆ ಮನೆಯವರ ತಲೆಗೆ ಬಂದೇ ಇರಲಿಲ್ಲ. ಎಲ್ಲರ ಕಣ್ಣು ಹೊಲಿಗೆಯ ಮೇಲೆ, ಎದುರಿನವರ ಹಲ್ಲಿನ ಮೇಲೆ ಇತ್ತು. ನಿಜವಾದ ಹಾನಿ ಗೋಡೆ ಹಿಡಿದುಕೊಂಡು ಓಡಾಡುತ್ತಿತ್ತು. ಅದರ ಬಗ್ಗೆ ಒಂದು ಕಾಗದವೂ ಇರಲಿಲ್ಲ.

ದೂರು ಟೈಪ್ ಮಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಹಿರಿಯವರನ್ನು ಆಟೋದಲ್ಲಿ ಕರಕೊಂಡು ಅದೇ ಆಸ್ಪತ್ರೆಗೆ ಹೋದೆವು. ಅದೇ ಡಾಕ್ಟರು ಇದ್ದರು. ನಾನು ಸರ್ಟಿಫಿಕೇಟ್ ಮುಂದಿಟ್ಟು ಮನೆಯವರಿಗೆ ಬಂದಿದ್ದ ಅನುಮಾನವನ್ನೂ ಮುಚ್ಚಿಡದೆ ಹೇಳಿದೆ. ಅವರು ಸಿಟ್ಟಾಗಲಿಲ್ಲ.

"ಅವತ್ತು ರಾತ್ರಿ ನಾನು ಕಂಡಿದ್ದನ್ನ ಬರೆದೆ. ಸ್ಕ್ಯಾನ್‌ನಲ್ಲಿ ಏನಿತ್ತೋ ಅದನ್ನ ಬರೆದೆ. ಹದಿನೈದು ದಿನ ಆದ್ಮೇಲೆ ಹೇಗಿರ್ತಾರೆ ಅಂತ ಅವತ್ತೇ ನಂಗೆ ಹೇಗೆ ಗೊತ್ತಾಗ್ಬೇಕು? ತಲೆಸುತ್ತು ಇದೆ ಅಂತ ನೀವು ಬಂದು ಹೇಳ್ಲಿಲ್ಲ. ಹೇಳ್ದೆ ಇದ್ರೆ ಯಾರು ಬರೀತಾರೆ ಹೇಳಿ."

ಹಿರಿಯವರನ್ನು ಕೂರಿಸಿ, ಮಲಗಿಸಿ, ತಲೆ ಒಂದು ಕಡೆ ತಿರುಗಿಸಿ ನೋಡಿದರು. ಅವರ ಕಣ್ಣುಗುಡ್ಡೆ ಅಲುಗಾಡುವುದನ್ನು ನಾನೂ ಕಂಡೆ. ಅವರು ಮಂಚದ ಅಂಚನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದರು. ಮರದ ಬೊಡ್ಡೆ ಹಿಡಿದು ಹಿಡಿದು ದಡ್ಡುಗಟ್ಟಿದ ಕೈ. ತಲೆಗೆ ಪೆಟ್ಟು ಬಿದ್ದಾಗ ಮೂಳೆ ಮುರಿಯದಿದ್ದರೂ, ಸ್ಕ್ಯಾನ್ ಚೆನ್ನಾಗಿದ್ದರೂ, ಒಳಕಿವಿಯ ಸಮತೋಲನ ಕೆಟ್ಟು ವಾರಗಟ್ಟಲೆ ತಲೆಸುತ್ತು ಇರಬಹುದು ಎಂದು ಡಾಕ್ಟರು ಹೇಳಿದರು. ಹೊರರೋಗಿ ಚೀಟಿಯಲ್ಲಿ ತಾರೀಖು ಹಾಕಿ ತಲೆಸುತ್ತು ಇದೆ, ಎತ್ತರ ಹತ್ತಬಾರದು ಎಂದು ಬರೆದರು. ಜಿಲ್ಲಾ ಆಸ್ಪತ್ರೆಯ ಇಎನ್‌ಟಿ ವಿಭಾಗಕ್ಕೆ ಕಳಿಸಿದರು. ಹದಿನಾರನೇ ದಿನ ಮತ್ತೆ ಬನ್ನಿ ಎಂದರು.

ಹದಿನಾರನೇ ದಿನವೂ ತಲೆಸುತ್ತು ಹೋಗಿರಲಿಲ್ಲ. ಅಷ್ಟರಲ್ಲಿ ಕೈಯಲ್ಲಿ ನಾಲ್ಕು ಕಾಗದ ಸೇರಿದ್ದವು. ಎರಡು ತಾಲ್ಲೂಕು ಆಸ್ಪತ್ರೆಯ ಚೀಟಿ, ಒಂದು ಇಎನ್‌ಟಿಯವರದು. ನಾಲ್ಕನೆಯದು ಕಾಯಿ ವ್ಯಾಪಾರಿಯೊಬ್ಬರ ಕೂಲಿ ಪುಸ್ತಕದ ಎರಡು ಪುಟದ ಪ್ರತಿ. ಜಗಳದ ಹಿಂದಿನ ತಿಂಗಳು ಹಿರಿಯವರು ಯಾವ ತೋಟದಲ್ಲಿ ಎಷ್ಟು ಮರ ಹತ್ತಿದರು ಎಂದು ಅದರಲ್ಲಿ ಪೆನ್ಸಿಲ್‌ನಲ್ಲಿ ಬರೆದಿತ್ತು. ಜಗಳದ ದಿನದಿಂದ ಆಚೆಗೆ ಅವರ ಹೆಸರಿನ ಮುಂದೆ ಖಾಲಿ. ವಕೀಲರು ಆ ಪುಸ್ತಕ ನೋಡಿ ಇದು ತುಂಬ ಮುಖ್ಯ ಎಂದರು. ಬರೀ ಇಷ್ಟು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು ಎಂಬುದು ಸಾಲದು, ಕೆಲಸ ಮಾಡಲಾಗಲಿಲ್ಲ ಎಂಬುದನ್ನೇ ತೋರಿಸಬೇಕು ಎಂದು ಕೋರ್ಟುಗಳು ಹೇಳುತ್ತಾ ಬಂದಿವೆ.

ವಕೀಲರು ಇವನ್ನೆಲ್ಲ ಇಟ್ಟು ಠಾಣೆಗೆ ಅರ್ಜಿ ಕೊಟ್ಟರು. ಠಾಣೆಯಿಂದ ಡಾಕ್ಟರ ಅಭಿಪ್ರಾಯ ಕೇಳಿದರು. ಡಾಕ್ಟರು ಇನ್ನೊಂದು ಹಾಳೆ ಕೊಟ್ಟರು. ಗಾಯಾಳು 15 ದಿನಕ್ಕಿಂತ ಹೆಚ್ಚು ಕಾಲ ತನ್ನ ಎಂದಿನ ಕೆಲಸ ಮಾಡಲು ಶಕ್ತರಿರಲಿಲ್ಲ, ಆದ್ದರಿಂದ ಗಾಯ ಗ್ರೀವಸ್. ಈ ಸಲ ಡಾಕ್ಟರು ಎಂಟನೇ ಬಾಬು ಎಂಬುದನ್ನೂ ಸೇರಿಸಿ ಬರೆದಿದ್ದರು. ನಾವು ಕೇಳಿಕೊಂಡದ್ದಕ್ಕೆ ಬರೆದರು. ಎನ್‌ಸಿಆರ್ ಎಫ್‌ಐಆರ್ ಆಯಿತು.

ಇದು ಗೆಲುವು ಎಂದು ನಾನು ಹೇಳುವುದಿಲ್ಲ. ಡಾಕ್ಟರು ಬರೆದದ್ದು ಅಭಿಪ್ರಾಯ, ಕೊನೆಗೆ ಹೇಳುವುದು ಕೋರ್ಟು. ಅದೂ ಅಲ್ಲದೆ ಗಾಯ ಗ್ರೀವಸ್ ಆದ ಮಾತ್ರಕ್ಕೆ 117(2) ಆಗಿಬಿಡುವುದಿಲ್ಲ. ಮಾಡಿದವರು ಅಂಥ ಗಾಯ ಮಾಡಬೇಕೆಂದೇ ಮಾಡಿದರಾ, ಅಥವಾ ಅಂಥದ್ದು ಆಗಬಹುದೆಂದು ಗೊತ್ತಿದ್ದೂ ಮಾಡಿದರಾ ಎಂದು ಕೋರ್ಟು ಕೇಳುತ್ತದೆ. ತಳ್ಳಿದವನಿಗೆ ಹಿಂದೆ ಕಲ್ಲಂಚು ಇರುವುದು ಕಂಡಿತ್ತಾ? ಗುದ್ದಿದವರಿಗೆ ಹಲ್ಲು ಮುರಿಯಬಹುದು ಎಂದು ಗೊತ್ತಿತ್ತಾ? ಗ್ರೀವಸ್ ಎಂಬ ಪದ ಹೇಳುವುದು ಆದದ್ದನ್ನು ಮಾತ್ರ, ಮಾಡಿದವರ ಮನಸ್ಸನ್ನಲ್ಲ. ಎರಡೂ ಮನೆಯವರಿಗೆ ಈ ಮಾತನ್ನು ನಾನು ಬೇರೆ ಬೇರೆಯಾಗಿ ಹೇಳಿದ್ದೇನೆ.

ಆ ಇನ್ನೊಂದು ಮನೆಯವರೂ ನನ್ನ ಅಂಗಡಿಗೆ ಬಂದಿದ್ದರು. ಮುರಿದ ಹಲ್ಲಿನ ಚೂರನ್ನು ಹತ್ತಿಯಲ್ಲಿ ಸುತ್ತಿ ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಅವರ ದೂರೂ ಪದದ ಮೇಲೆಯೇ. "ಅಣ್ಣನ ತಲೆ ಒಡೆದಿದೆ, ನಂದೇನು ದೊಡ್ಡದಲ್ಲ ಅಂತ ನಂಗೂ ಗೊತ್ತು. ಗ್ರೀವಿಯಸ್ ಅಂತ ಬರೀರಿ ಅಂತ ನಾನು ಕೇಳ್ಲಿಲ್ಲ ಸಾರ್. ಊರಲ್ಲೆಲ್ಲ ದುಡ್ಡು ಕೊಟ್ಟೆ ಅಂತಾರೆ" ಎಂದರು. ಅವರಿಗೂ ಏಳನೇ ಬಾಬು ಓದಿ ಹೇಳಿದೆ. ಬೆಂಕಿಪೊಟ್ಟಣ ಮುಚ್ಚಿ ಜೇಬಿಗೆ ಹಾಕಿಕೊಂಡು, "ಇದನ್ನ ಅಣ್ಣಂಗೂ ಓದಿ ಹೇಳಿದ್ರಾ?" ಎಂದು ಕೇಳಿದರು. ಹೇಳಿದ್ದೇನೆ ಎಂದೆ.

ಅವತ್ತಿನಿಂದ ನನ್ನ ಅಂಗಡಿಯಲ್ಲಿ ಒಂದು ಬದಲಾವಣೆ ಆಗಿದೆ. ಗಾಯದ ಸರ್ಟಿಫಿಕೇಟ್ ಕನ್ನಡಕ್ಕೆ ಮಾಡುವಾಗ ಮೂಲದಲ್ಲಿ ಇರುವುದನ್ನಷ್ಟೇ ಟೈಪ್ ಮಾಡುತ್ತೇನೆ, ಅದಕ್ಕೆ ನಾನು ಏನನ್ನೂ ಸೇರಿಸುವ ಹಾಗಿಲ್ಲ. ಆದರೆ ಜೊತೆಗೆ ಬೇರೆ ಚೀಟಿಯೊಂದನ್ನು ಕೊಡುತ್ತೇನೆ. ಅದರಲ್ಲಿ ಎಂಟು ಬಾಬುಗಳೂ ಇರುತ್ತವೆ. ಗಾಯ ಯಾವ ಬಾಬಿಗೆ ಸೇರುವಂತೆ ಕಾಣುತ್ತದೋ ಅದರ ಕೆಳಗೆ ಗೆರೆ ಎಳೆದಿರುತ್ತೇನೆ. ಯಾವುದಕ್ಕೂ ಸೇರದಿದ್ದರೆ ಎಂಟನೆಯದನ್ನು ಓದಿಸಿ, ಘಟನೆ ನಡೆದು ಎಷ್ಟು ದಿನ ಆಯಿತು, ಈಗ ಕೆಲಸಕ್ಕೆ ಹೋಗುತ್ತಿದ್ದೀರಾ ಎಂದು ಕೇಳುತ್ತೇನೆ. ಹೋಗುತ್ತಿಲ್ಲ ಎಂದರೆ ಮೊದಲು ಆಸ್ಪತ್ರೆಗೆ ಕಳಿಸುತ್ತೇನೆ. ಟೈಪಿಂಗ್ ಆಮೇಲೆ.

ಎರಡೂ ಕೇಸು ಈಗ ಒಂದೇ ಕೋರ್ಟಿನಲ್ಲಿವೆ. 117(2)ರ ಕೇಸನ್ನು ಕೋರ್ಟಿನ ಅನುಮತಿ ತಗೊಂಡು ರಾಜಿ ಮಾಡಿಕೊಳ್ಳಬಹುದು. ಊರಿನ ಹಿರಿಯರು ಆ ಮಾತು ಎತ್ತಿದ್ದಾರೆ. ಬೋರ್‌ವೆಲ್ ಪಾಳಿಯನ್ನು ಮೊದಲು ಬರಹದಲ್ಲಿ ಮಾಡಿಕೊಳ್ಳೋಣ ಎಂದು ಹುಡುಗಿ ಹೇಳುತ್ತಿದ್ದಾಳೆ. ಆ ಒಪ್ಪಂದದ ಕರಡು ನನ್ನ ಕಂಪ್ಯೂಟರಿನಲ್ಲಿ ಇದೆ, ಇನ್ನೂ ಎರಡು ಸಾಲು ತೀರ್ಮಾನ ಆಗಬೇಕು. ಹಿರಿಯವರು ಮರ ಹತ್ತಲು ಶುರು ಮಾಡಿಲ್ಲ. ಕೆಳಗೆ ಕೂತು ಕಾಯಿ ಸುಲಿಯುತ್ತಾರೆ. ಮುಂದಿನ ವಾಯಿದೆಗೆ ಇಬ್ಬರೂ ಬರಬೇಕು.